ವಾದಪತ್ರಕ್ಕೆ ಪೂರ್ತಿ ಕೋರ್ಟ್ ಶುಲ್ಕ ಕಟ್ಟದಿದ್ದರೆ ದಾವೆಯ ಗತಿ ಏನು?

ಪ್ರಶ್ನೆ: ವಕೀಲರಿಗೆ ನಮಸ್ಕಾರ. ಕೈಸಾಲವಾಗಿ ಕೊಟ್ಟ ಹಣದ ವಸೂಲಿಗಾಗಿ ನಮ್ಮ ತಂದೆಯವರು, ಮೂರು ವರ್ಷಗಳ ಕಾಲಮಿತಿ ಮುಗಿಯುವ ಕೊನೆಯ ವಾರದಲ್ಲಿ ಸಿವಿಲ್ ದಾವೆ ಹೂಡಿದರು. ಆಗ ಕೋರ್ಟ್ ಶುಲ್ಕದ ಒಂದು ಭಾಗವನ್ನಷ್ಟೇ ಕಟ್ಟಲು ಸಾಧ್ಯವಾಯಿತು. ಉಳಿದದ್ದನ್ನು ತುಂಬಲು ನ್ಯಾಯಾಲಯ ಗಡುವು ಕೊಟ್ಟಿದೆ, ಆದರೆ ಅಷ್ಟರಲ್ಲಿ ಕಾಲಮಿತಿ ಮುಗಿದುಹೋಗಿದೆ. ಈಗ ಬಾಕಿ ಕಟ್ಟಿದರೆ ದಾವೆ ಉಳಿಯುತ್ತದೆಯೇ?

ಉತ್ತರ: ಗಡುವಿನೊಳಗೆ ಕಟ್ಟಿದರೆ ಉಳಿಯುತ್ತದೆ. 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 149ನೇ ಕಲಮಿನಂತೆ, ನ್ಯಾಯಾಲಯದ ಅನುಮತಿ ಪಡೆದು ತಡವಾಗಿ ಶುಲ್ಕ ತುಂಬಿದರೂ, ಮೊದಲ ದಿನವೇ ಪೂರ್ತಿ ತುಂಬಿದ್ದರೆ ಎಷ್ಟು ಬಲವಿರುತ್ತಿತ್ತೋ ವಾದಪತ್ರಕ್ಕೆ (ದಾವೆ ಹೂಡಲು ಸಲ್ಲಿಸುವ ಲಿಖಿತ ಮನವಿಗೆ) ಅಷ್ಟೇ ಬಲವಿರುತ್ತದೆ. ಆದ್ದರಿಂದ ಕಾಲಮಿತಿಯ ಲೆಕ್ಕಕ್ಕೆ ಬರುವುದು ವಾದಪತ್ರ ಸಲ್ಲಿಸಿದ ದಿನವೇ ಹೊರತು ಹಣ ತುಂಬಿದ ದಿನವಲ್ಲ.

ಗಡುವು ತಪ್ಪಿದರೆ ಮಾತ್ರ ಪರಿಸ್ಥಿತಿ ಬೇರೆ. ಅದೇ ಸಂಹಿತೆಯ ಆದೇಶ 7, ನಿಯಮ 11ರ ಅಡಿಯಲ್ಲಿ ವಾದಪತ್ರ ತಿರಸ್ಕೃತವಾಗುತ್ತದೆ. ಹಾಗೆ ತಿರಸ್ಕೃತವಾದರೂ ಅದೇ ವ್ಯಾಜ್ಯಕಾರಣದ (ದಾವೆಗೆ ಆಧಾರವಾದ ಸಂಗತಿಗಳ) ಮೇಲೆ ಹೊಸ ವಾದಪತ್ರ ಸಲ್ಲಿಸಲು ನಿಯಮ 13 ಅವಕಾಶ ಕೊಡುತ್ತದೆ. ಆದರೆ ಕಾಲಮಿತಿ ಮುಗಿದಿರುವ ನಿಮ್ಮಂಥವರಿಗೆ ಆ ಅವಕಾಶದಿಂದ ಪ್ರಯೋಜನವಿಲ್ಲ. ತಿರಸ್ಕಾರದ ಆದೇಶವನ್ನು ಕಾನೂನು ಡಿಕ್ರಿಯೆಂದೇ (ದಾವೆಯನ್ನು ತೀರ್ಮಾನಿಸುವ ಆದೇಶವೆಂದೇ) ಪರಿಗಣಿಸುವುದರಿಂದ ಮೇಲ್ಮನವಿಯ ದಾರಿಯೊಂದು ಉಳಿದಿರುತ್ತದೆ.

ಹಣ ಹೊಂದಿಸಲು ಇನ್ನೂ ಸಮಯ ಬೇಕಿದ್ದರೆ, ಗಡುವು ಮುಗಿಯುವ ಮುನ್ನವೇ ಅರ್ಜಿ ಹಾಕಿ. ಇದನ್ನು ಒತ್ತಿ ಹೇಳುತ್ತೇನೆ. ಅಸಾಧಾರಣ ಕಾರಣವೊಂದು ವಾದಿಯನ್ನು ತಡೆದಿತ್ತು, ಸಮಯ ಕೊಡದಿದ್ದರೆ ಘೋರ ಅನ್ಯಾಯವಾಗುತ್ತದೆ ಎಂದು ನ್ಯಾಯಾಲಯಕ್ಕೆ ಮನವರಿಕೆಯಾಗಬೇಕು ಮತ್ತು ಆ ಕಾರಣಗಳನ್ನು ಅದು ಬರೆದಿಡಬೇಕು. "ಹಣದ ಅಡಚಣೆಯಿದೆ" ಎಂಬ ಒಂದು ಸಾಲಿನ ಪ್ರಮಾಣಪತ್ರ (ಅಫಿಡವಿಟ್) ಇದಕ್ಕೆ ಸಾಲದು. ಆಸ್ಪತ್ರೆಯ ಬಿಲ್ಲು, ಬ್ಯಾಂಕ್ ಖಾತೆಯ ವಿವರ, ಹೀಗೆ ಕಾರಣವನ್ನು ತೋರಿಸುವ ಕಾಗದಗಳನ್ನು ಜೊತೆಗಿಡಬೇಕು.

ಮರುಪ್ರಶ್ನೆ: ತಂದೆಯವರಿಗೆ ಹಣ ಹೊಂದಿಸಲು ಸಾಧ್ಯವೇ ಆಗದಿದ್ದರೆ?

ಉತ್ತರ: ಸಂಹಿತೆಯ ಆದೇಶ 33ರ ಅಡಿಯಲ್ಲಿ ನಿರ್ಗತಿಕ ವ್ಯಕ್ತಿಯಾಗಿ (ಶುಲ್ಕ ಕಟ್ಟುವಷ್ಟು ಅನುಕೂಲವಿಲ್ಲದವರಾಗಿ) ದಾವೆ ನಡೆಸಲು ಅನುಮತಿ ಕೇಳಬಹುದು; ಈಗಾಗಲೇ ಹೂಡಿದ ದಾವೆಯನ್ನು ಹಾಗೆ ಮುಂದುವರಿಸಲೂ ನ್ಯಾಯಾಲಯಗಳು ಅನುಮತಿಸಿದ್ದುಂಟು. ಅರ್ಜಿಯಲ್ಲಿ ಸ್ಥಿರ, ಚರ ಆಸ್ತಿಗಳೆಲ್ಲದರ ಪಟ್ಟಿಯನ್ನೂ ಅಂದಾಜು ಬೆಲೆಯನ್ನೂ ಪ್ರಾಮಾಣಿಕವಾಗಿ ಕೊಡಬೇಕು, ಏಕೆಂದರೆ ಅದರ ಮೇಲೆ ವಿಚಾರಣೆ ನಡೆಯುತ್ತದೆ, ಸರ್ಕಾರಿ ವಕೀಲರಿಗೂ ನೋಟಿಸು ಹೋಗುತ್ತದೆ. ಅನುಮತಿ ಸಿಕ್ಕರೂ ಶುಲ್ಕ ಮನ್ನಾ ಆಗುವುದಿಲ್ಲ. ಗೆದ್ದರೆ ನ್ಯಾಯಾಲಯ ಯಾರು ಕೊಡಬೇಕೆಂದು ಆದೇಶಿಸುತ್ತದೋ ಅವರಿಂದ ಸರ್ಕಾರ ಅದನ್ನು ವಸೂಲು ಮಾಡುತ್ತದೆ, ಮತ್ತು ದಾವೆಯ ವಿಷಯವಸ್ತುವಿನ ಮೇಲೆ ಅದಕ್ಕೆ ಮೊದಲ ಹಕ್ಕಿರುತ್ತದೆ. ಸೋತರೆ ತಂದೆಯವರೇ ಕಟ್ಟಬೇಕಾಗುತ್ತದೆ. ಅನುಮತಿ ನಿರಾಕರಿಸಿದರೆ, ಆ ಹಂತದಲ್ಲಿಯೂ ಶುಲ್ಕ ತುಂಬಲು ನ್ಯಾಯಾಲಯ ಸಮಯ ಕೊಡಬಹುದು. ಆ ಸಮಯವನ್ನು ಅದೇ ದಿನ ಕೇಳಿಬಿಡಿ.