ಕಿಟ್ ಲೆನ್ಸ್‌ನಲ್ಲಿ ಫೋಟೋ ಸಪ್ಪೆ ಬರ್ತಿದೆ, ಕ್ಯಾಮೆರಾ ಬದಲಿಸಬೇಕಾ?

ಕೊಪ್ಪಳ_ಕ್ಲಿಕ್:
ಎಲ್ಲರಿಗೂ ನಮಸ್ಕಾರ. ನನ್ನ ಹತ್ರ ಇರೋದು ಸೆಕೆಂಡ್ ಹ್ಯಾಂಡ್ ಕ್ಯಾಮೆರಾ, ಜೊತೆಗೆ ಬಂದ 18-55 ಕಿಟ್ ಲೆನ್ಸ್. ಭಾನುವಾರ ಇಟಗಿಯ ಮಹಾದೇವ ಗುಡಿಗೆ ಹೋಗಿದ್ದೆ. ಕಣ್ಣಿಗೆ ಅಷ್ಟು ಚೆಂದ ಕಂಡ ಕೆತ್ತನೆ ಫೋಟೋದಲ್ಲಿ ಗೋಡೆಗೆ ಅಂಟಿಸಿದ ಪೋಸ್ಟರ್ ಥರ ಕಾಣುತ್ತೆ, ಆಕಾಶ ಬೇರೆ ಪೂರ್ತಿ ಬೆಳ್ಳಗೆ. ಗೆಳೆಯರು ಫುಲ್ ಫ್ರೇಮ್ (ದೊಡ್ಡ ಸೆನ್ಸರ್ ಇರೋ ಕ್ಯಾಮೆರಾ) ತಗೋ ಅಂತಾರೆ. ತಗೊಂಡ್ರೆ ನಿಜವಾಗ್ಲೂ ಸರಿ ಹೋಗುತ್ತಾ?

ಬಳ್ಳಾರಿ_ಬಿಸಿಲು:
ಎಷ್ಟು ಗಂಟೆಗೆ ಹೋಗಿದ್ರಿ?

ಕೊಪ್ಪಳ_ಕ್ಲಿಕ್:
ಊಟ ಮುಗಿಸ್ಕೊಂಡು ಹೊರಟೆ. ಒಂದೂವರೆ ಆಗಿರಬೇಕು.

ಬಳ್ಳಾರಿ_ಬಿಸಿಲು:
ಹಂಗಿದ್ರೆ ದುಡ್ಡು ಉಳೀತು ನೋಡ್ರಿ. ಆ ಹೊತ್ತಿಗೆ ಸೂರಿನ ಕೆಳಗಿನ ಗೋಡೆಯೆಲ್ಲ ನೆರಳಲ್ಲಿರುತ್ತೆ, ಹೊರಗೆ ನಮ್ಮ ಕಡೆ ಬಿಸಿಲು ಗೊತ್ತಲ್ವಾ, ಕಣ್ಣು ಬಿಡೋಕಾಗಲ್ಲ. ಕ್ಯಾಮೆರಾ ಕತ್ತಲ ಗೋಡೆ ನೋಡಿ ಬೆಳಕು ಜಾಸ್ತಿ ಮಾಡುತ್ತೆ, ಆಕಾಶ ಹೋಗೇಬಿಡುತ್ತೆ. ಲಕ್ಷ ರೂಪಾಯಿ ಕ್ಯಾಮೆರಾದಲ್ಲೂ ಆ ಕೆತ್ತನೆಗೆ ಆಳ ಬರಲ್ಲ, ಯಾಕಂದ್ರೆ ಅಲ್ಲಿ ನೆರಳಿನ ಗೆರೆಯೇ ಬಿದ್ದಿಲ್ಲ.
ಆ ಗುಡಿ 1112ರದ್ದು, ಬಳಪದ ಕಲ್ಲು, ಮುಖ ಪೂರ್ವಕ್ಕೆ. ಡಿಸೆಂಬರ್, ಜನವರಿಯಲ್ಲಿ ಸೂರ್ಯ ಸ್ವಲ್ಪ ದಕ್ಷಿಣಕ್ಕೆ ಸರಿದು ಹುಟ್ಟುತ್ತಾನೆ. ಆಗ ಬೆಳಗ್ಗೆ ಬೇಗ ಹೋಗಿ ದಕ್ಷಿಣದ ಗೋಡೆ ಹತ್ರ ನಿಂತುಕೊಳ್ಳಿ. ಬೆಳಕು ಗೋಡೆಯನ್ನ ಪಕ್ಕದಿಂದ ಸವರಿಕೊಂಡು ಹೋಗುತ್ತೆ, ಬಳ್ಳಿಯ ಒಂದೊಂದು ಸುರುಳಿಗೂ ಅದರದ್ದೇ ನೆರಳು ಬೀಳುತ್ತೆ. ಬಿಸಿಲು ಏರಿದ ಮೇಲೆ ಅದೇ ಗೋಡೆ ಮತ್ತೆ ಸಪ್ಪೆ. ಬೇಸಿಗೆಯಲ್ಲಿ ಉತ್ತರದ ಗೋಡೆ ನೋಡಿ. ಹತ್ತು ಊರು ಸುತ್ತೋ ಬದಲು ಇದೊಂದೇ ಗುಡಿಗೆ ಬೇರೆ ಬೇರೆ ಹೊತ್ತಲ್ಲಿ ಹೋಗಿ, ಫೋಟೋಗಳನ್ನ ಪಕ್ಕ ಪಕ್ಕ ಇಟ್ಟು ನೋಡಿ.

ರಾಯಚೂರು_ಸ್ಟುಡಿಯೋ:
ಬೆಳಕಿಗೆ ಕಾಯೋದು ಕಲ್ಲಿಗೆ ಸರಿ. ನಮ್ಮ ಮದುವೆ ಕೆಲಸದಲ್ಲಿ ಮುಹೂರ್ತ ಬೆಳಕು ನೋಡ್ಕೊಂಡು ಬರಲ್ಲ! ಮೇಲೆ ಕೆಂಪು ಶಾಮಿಯಾನ, ವಧು ವರರ ಮುಖವೂ ಕೆಂಪು, ಪುರೋಹಿತರ ಬಿಳಿ ಪಂಚೆಯೂ ಕೆಂಪು. ಅಲ್ಲಿ ನಿಮ್ಮ ಕೈಲಿರೋದು ಎಲ್ಲಿ ನಿಲ್ಲಬೇಕು ಅನ್ನೋದೊಂದೇ. ಹುಡುಗಿ ಪೆಂಡಾಲಿನ ತೆರೆದ ಬದಿಗೆ ತಿರುಗೋ ಕ್ಷಣ ಇರುತ್ತೆ, ಅದಕ್ಕೆ ಮೊದಲೇ ಜಾಗ ಹಿಡಿದಿರಬೇಕು. ಅದಕ್ಕೇ ಹೇಳ್ತೀನಿ, ಗುಡಿ ಜೊತೆ ಸಂತೆ, ಜಾತ್ರೆಗೂ ಹೋಗಿ. ಗವಿಮಠದ ಜಾತ್ರೆ ನಿಮ್ಮೂರಲ್ಲೇ ಆಗುತ್ತೆ. ದೂರದಿಂದ ಕದ್ದು ಝೂಮ್ ಮಾಡಬೇಡಿ. ಲೆನ್ಸನ್ನ 18ಕ್ಕೆ, ಅಂದ್ರೆ ಅಗಲವಾಗಿ ಕಾಣೋ ಕಡೆಗೆ ಇಟ್ಟು ಹತ್ರ ಹೋಗಿ, ಬಳೆ ಅಂಗಡಿ ಅಮ್ಮನ್ನ ಕೇಳಿ ತೆಗೀರಿ. ಮೊದಲನೇದಕ್ಕೆ ಅವರು ಸೆಟೆದು ನಿಲ್ತಾರೆ. ಸುಮ್ನೆ ಮಾತಾಡ್ತಾ ಇರಿ, ಗಿರಾಕಿ ಕೈಗೆ ಬಳೆ ಏರಿಸುವಾಗ ನಿಮ್ಮನ್ನ ಮರೆತಿರ್ತಾರೆ. ಆಗ ಒತ್ತಿ.
ಮತ್ತೆ ಫೋಟೋ ಉಳಿಸೋಕೆ ಜೆಪೆಗ್ ಬಿಟ್ಟು ರಾ (ಆಮೇಲೆ ತಿದ್ದೋಕೆ ಹೆಚ್ಚು ವಿವರ ಉಳಿಸೋ ಫೈಲ್) ಇಟ್ಕೊಳ್ಳಿ, ಆಕಾಶ ಬೆಳ್ಳಗಾಗ್ತಿದ್ರೆ ಎಕ್ಸ್‌ಪೋಷರ್ ಒಂದು ಸ್ಟಾಪ್, ಅಂದ್ರೆ ಬೆಳಕು ಅರ್ಧಕ್ಕೆ ಇಳಿಸಿ.

ಕೊಪ್ಪಳ_ಕ್ಲಿಕ್:
ಥ್ಯಾಂಕ್ಸ್ ಅಣ್ಣಾ. ಗುಡಿ ಒಳಗೆ ಕತ್ತಲು ಜಾಸ್ತಿ, ಟ್ರೈಪಾಡ್ ಒಯ್ಯಲಾ?

ಬಳ್ಳಾರಿ_ಬಿಸಿಲು:
ಪುರಾತತ್ವ ಇಲಾಖೆ ಜಾಗ, ಟ್ರೈಪಾಡ್‌ಗೆ ಮೊದಲೇ ಅನುಮತಿ ಬೇಕು. ಐಎಸ್ಒ (ಕ್ಯಾಮೆರಾ ಬೆಳಕಿಗೆ ಎಷ್ಟು ಸೂಕ್ಷ್ಮ ಅನ್ನೋ ಸೆಟ್ಟಿಂಗ್) 1600 ಮಾಡಿ, ಮೊಣಕೈ ಪಕ್ಕೆಗೆ ಒತ್ತಿ ಹಿಡೀರಿ. ಸ್ವಲ್ಪ ಕಾಳು ಕಾಳಾದ್ರೂ ಪರವಾಗಿಲ್ಲ, ಅಲುಗಿದ ಫೋಟೋನ ಯಾರೂ ಸರಿ ಮಾಡೋಕಾಗಲ್ಲ.