ಪದಚರ್ಚೆ: ಗ್ಯಾಸ್ ಮಾತ್ರೆಯಿಂದ ಬರುವ ‘ಇಂಟರ್‌ಸ್ಟಿಷಿಯಲ್ ನೆಫ್ರೈಟಿಸ್’ಗೆ ಏನನ್ನೋಣ?

> ನಾಳೆ ಸಂಜೆಯೊಳಗೆ ಕರಪತ್ರ ಅಚ್ಚಿಗೆ ಹೋಗಬೇಕು. ಪ್ಯಾಂಟೊಪ್ರಜೋಲ್, ಒಮೆಪ್ರಜೋಲ್ ಥರದ ಮಾತ್ರೆಗಳಿಂದ ಅಪರೂಪಕ್ಕೆ ಬರುವ ‘ಅಕ್ಯೂಟ್ ಇಂಟರ್‌ಸ್ಟಿಷಿಯಲ್ ನೆಫ್ರೈಟಿಸ್’ಗೆ ಕನ್ನಡ ಪದ ಬೇಕಿತ್ತು. ದಯವಿಟ್ಟು ಬೇಗ ತಿಳಿಸಿ.

ಮೇಡಂ, ‘ಕಿಡ್ನಿ ಉರಿಯೂತ’ ಅಂತ ಹಾಕಿ. ಸಾಕು.

ಈ ಪ್ರಶ್ನೆಗೆ ಒಬ್ಬರು ‘ವೃಕ್ಕಾಂತರಾಳಶೋಥ’ ಅಂತ ಸೂಚಿಸಿದ್ದಾರೆ (ವೃಕ್ಕ ಅಂದರೆ ಸಂಸ್ಕೃತದಲ್ಲಿ ಕಿಡ್ನಿ). ಅದು ಬೇಡವೇ ಬೇಡ. ಶೋಥ ಅಂದರೆ ಬರೀ ಊತ. ಅರ್ಥವಾದವರೂ ಕಾಲು ಊದಿದೆಯಾ ಅಂತ ನೋಡಿಕೊಳ್ಳುತ್ತಾರೆ. ಕಿಡ್ನಿಗೆ ‘ಮೂತ್ರಜನಕಾಂಗ’ ಅಂತ ಹಾಕಿದರೆ ಅವಸರದಲ್ಲಿ ಓದುವವರು ಜನನಾಂಗ ಮಾಡಿಬಿಡುತ್ತಾರೆ. ‘ಮೂತ್ರಪಿಂಡ’ ತಪ್ಪಲ್ಲ, ಆದರೆ ಮೆಡಿಕಲ್ ಶಾಪ್ ಮುಂದೆ ನಿಂತು ಯಾರೂ ಹಾಗೆ ಹೇಳುವುದಿಲ್ಲ. ಕಿಡ್ನಿ ಇಂಗ್ಲಿಷಿನದು ಅಂತ ಜಗಳ ತೆಗೆಯುವವರೇ, ನಿಮ್ಮ ವೃಕ್ಕ ಎಲ್ಲಿಯದು? ಎರಡೂ ಹೊರಗಿನಿಂದ ಬಂದವೇ. ಜನರ ಬಾಯಲ್ಲಿ ಯಾವುದಿದೆ ಅಂತ ನೋಡಬೇಕು, ಅಲ್ವಾ? ಉರಿ, ಊತ ಎರಡೂ ಅಚ್ಚಗನ್ನಡ. ಇದಕ್ಕಿಂತ ಇನ್ನೇನು ಬೇಕು?

ಆದರೂ ಒಂದು ತೊಡಕಿದೆ. ಉರಿ ಅಂದಕೂಡಲೇ ಜನಕ್ಕೆ ಉರಿಮೂತ್ರ ನೆನಪಾಗುತ್ತದೆ. ಈ ಕಾಯಿಲೆಯಲ್ಲಿ ಮೂತ್ರ ಉರಿಯಲೇಬೇಕು ಅಂತೇನಿಲ್ಲ. ಮಾತ್ರೆ ಮೈಗೆ ಒಗ್ಗದೆ ಕಿಡ್ನಿಯೊಳಗಿನ ಸಣ್ಣ ಕೊಳವೆಗಳ ನಡುವೆ ಬಿಳಿ ರಕ್ತಕಣಗಳು ಬಂದು ತುಂಬಿಕೊಳ್ಳುತ್ತವೆ, ಅದೂ ಮಾತ್ರೆ ಶುರು ಮಾಡಿ ವಾರಗಳೋ ತಿಂಗಳುಗಳೋ ಆದಮೇಲೆ. ಸುಸ್ತು, ವಾಕರಿಕೆ, ಹಸಿವಿಲ್ಲದಿರುವುದು ಇರಬಹುದು. ಜ್ವರ, ಮೈಮೇಲೆ ದದ್ದು ಎಲ್ಲರಿಗೂ ಬರುವುದಿಲ್ಲ. ಎಷ್ಟೋ ಸಲ ರಕ್ತ ಪರೀಕ್ಷೆಯಲ್ಲಿ ಕ್ರಿಯಾಟಿನಿನ್ (ಕಿಡ್ನಿ ಹೊರಹಾಕಬೇಕಾದ ಕಸ) ಜಾಸ್ತಿ ಬಂದಾಗಲೇ ಗೊತ್ತಾಗುವುದು. ಹಾಗಾಗಿ ಪದದ ಪಕ್ಕದಲ್ಲೇ ‘ಮೂತ್ರ ಉರಿಯದಿದ್ದರೂ ಇದು ಇರಬಹುದು’ ಅಂತ ಸೇರಿಸಿ.

‘ಸೋಂಕು’ ಅಂತ ಮಾತ್ರ ಬರೆಯಬೇಡಿ. ಸೋಂಕು ಅಂದರೆ ಜನ ಹೋಗಿ ಆಂಟಿಬಯೋಟಿಕ್ ಕೇಳುತ್ತಾರೆ, ಕೆಲವು ಆಂಟಿಬಯೋಟಿಕ್‌ಗಳಿಂದಲೂ ಇದೇ ಉರಿಯೂತ ಬರುತ್ತದೆ. ಬರೀ ‘ಗ್ಯಾಸ್ ಮಾತ್ರೆ’ ಅನ್ನುವುದೂ ಸಾಲದು, ಜನಕ್ಕೆ ಚೀಪುವ ಆಂಟಾಸಿಡ್ ಕೂಡ ಗ್ಯಾಸ್ ಮಾತ್ರೆಯೇ. ‘ಹೆಸರಿನ ಕೊನೆಗೆ ಪ್ರಜೋಲ್ ಇರುವ ಗ್ಯಾಸ್ ಮಾತ್ರೆ’ ಅಂದರೆ ಸ್ಟ್ರಿಪ್ ತಿರುಗಿಸಿ ನೋಡಿಕೊಳ್ಳುತ್ತಾರೆ.

ಸೈಡ್ ಎಫೆಕ್ಟ್‌ಗೆ ‘ಅಡ್ಡ ಪರಿಣಾಮ’ ಚೆನ್ನಾಗಿಯೇ ಇದೆ, ಅದನ್ನು ಸುಮ್ನೆ ಕೆದಕಬೇಡಿ. ಒಮೆಪ್ರಜೋಲ್‌ನಿಂದ ಹೀಗಾಗುತ್ತದೆ ಅಂತ ಮೊದಲು ವರದಿಯಾಗಿದ್ದು 1992ರಲ್ಲಿ. ವರ್ಷಗಟ್ಟಲೆ ತಾವೇ ಕೊಂಡು ನುಂಗುವವರಿಗೆ ಇನ್ನೂ ಗೊತ್ತಿಲ್ಲ, ನಾವಿಲ್ಲಿ ಸಂಧಿ ಬಿಡಿಸುತ್ತಾ ಕೂತಿದ್ದೇವೆ.

ಕರಪತ್ರಕ್ಕೆ ಇದನ್ನೇ ತೆಗೆದುಕೊಳ್ಳಿ: ‘ಹೆಸರಿನ ಕೊನೆಗೆ ಪ್ರಜೋಲ್ ಇರುವ ಗ್ಯಾಸ್ ಮಾತ್ರೆಯಿಂದ ಅಪರೂಪಕ್ಕೆ ಕಿಡ್ನಿ ಉರಿಯೂತ ಬರಬಹುದು. ಮೂತ್ರ ಉರಿಯದಿದ್ದರೂ ಇದು ಇರಬಹುದು. ಸುಸ್ತು, ವಾಕರಿಕೆ ಇದ್ದರೆ, ಮೂತ್ರ ಕಡಿಮೆಯಾದರೆ ತಡಮಾಡದೆ ಡಾಕ್ಟರಿಗೆ ತೋರಿಸಿ, ಯಾವ ಮಾತ್ರೆ ನುಂಗುತ್ತಿದ್ದೀರಿ ಅಂತ ಹೇಳಿ.’