ಮನೆಯೊಳಗೆ ರೆಕ್ಕೆ ಹುಳ: ಗೆದ್ದಲಾ, ಜೋಳದ ಚಿಟ್ಟೆನಾ?

ಪ್ರಶ್ನೆ (ವಿಜಯಪುರ):
ಸರ್, ನಮಸ್ಕಾರ. ನಮ್ಮದು ಊರೊಳಗಿನ ಹಳೇ ಮನೆ, ಜಂತಿ ಮಾಳಿಗೆ. ಮೊನ್ನೆ ಜೋರು ಮಳೆ ಆದ ಸಂಜೆ ಟ್ಯೂಬ್‌ಲೈಟ್ ಸುತ್ತ ರೆಕ್ಕೆ ಹುಳ ಮುತ್ತಿದವು. ಬೆಳಿಗ್ಗೆ ಕಸ ಹೊಡೆಯುವಾಗ ನೋಡಿದರೆ ನೆಲದ ತುಂಬಾ ಬರೀ ರೆಕ್ಕೆ. ಇದಲ್ಲದೆ ಜೋಳ ಇಟ್ಟ ಕೋಣೆಯಲ್ಲಿ ಸುಮಾರು ದಿನದಿಂದ ಒಣಹುಲ್ಲಿನ ಬಣ್ಣದ ಸಣ್ಣ ಚಿಟ್ಟೆ ಹಾರಾಡುತ್ತಿವೆ. ಎರಡೂ ಒಂದೇನಾ? ನಮ್ಮ ಮೈದುನ ಜೋಳದ ಚೀಲದಲ್ಲಿ ಗುಳಿಗೆ ಇಡೋಣ ಅಂತಿದ್ದಾನೆ. ಆ ಕೋಣೆಯಲ್ಲೇ ನಮ್ಮ ಅತ್ತೆ ಮಲಗುತ್ತಾರೆ, ಅದಕ್ಕೇ ಕೇಳುತ್ತಿದ್ದೇನೆ.

ಉತ್ತರ (ಕೀಟ ನಿಯಂತ್ರಣದ ಕೆಲಸ ಮಾಡುವವರು):
ಅಕ್ಕಾರೆ, ಮೊದಲು ಗುಳಿಗೆ ವಿಷಯ ಹೇಳಿಬಿಡುತ್ತೇನೆ. ಇಡಬೇಡಿ. ಅದು ಅಲ್ಯೂಮಿನಿಯಂ ಫಾಸ್ಫೈಡ್. ಗಾಳಿಯಲ್ಲಿನ ತೇವ ತಾಗಿದರೆ ಸಾಕು, ಫಾಸ್ಫೀನ್ ಅನ್ನೋ ವಿಷದ ಗಾಳಿ ಬಿಡುತ್ತದೆ. 3 ಗ್ರಾಂ ಗುಳಿಗೆಯಿಂದ 1 ಗ್ರಾಂ ಗಾಳಿ ಬರುತ್ತದೆ, ಅದು ಬಾಗಿಲ ಸಂದಿಯಿಂದ, ಗೋಡೆಯ ಬಿರುಕಿನಿಂದ ಪಕ್ಕದ ಕೋಣೆಗೂ ಹೋಗುತ್ತದೆ. ಇದಕ್ಕೆ ಪ್ರತಿವಿಷ ಅಂತ ಇಲ್ಲವೇ ಇಲ್ಲ. ಗೋದಾಮಿನಲ್ಲಿ ತಾಡಪತ್ರಿ ಹೊದಿಸಿ, ತರಬೇತಿ ಆದವರು ಬಳಸೋದು ಅದು. ಜನ ಮಲಗೋ ಮನೆಗಲ್ಲ. ಮೈದುನನಿಗೆ ಇದನ್ನೇ ಓದಿ ಹೇಳಿ. ಮೊದಲೇ ತಂದಿಟ್ಟಿದ್ದರೆ ಡಬ್ಬಿ ತೆರೆಯಬೇಡಿ, ನೀರಿಗಂತೂ ಹಾಕಲೇಬೇಡಿ.

ಈಗ ಹುಳ. ಅವೆರಡೂ ಬೇರೆ ಬೇರೆ.

ಕೋಣೆಯಲ್ಲಿ ಹಾರಾಡೋದು ಕಾಳಿನ ಪತಂಗ ಇರಬೇಕು. ಒಂದು ಹಿಡಿ ಜೋಳ ಬಿಳಿ ತಟ್ಟೆಗೆ ಹಾಕಿ ಬೆಳಕಿನಲ್ಲಿ ನೋಡಿ, ಕಾಳಿಗೆ ದುಂಡನೆ ತೂತು ಕಾಣುತ್ತದಾ? ಹಾರೋ ಚಿಟ್ಟೆ ಕಾಳು ತಿನ್ನೋದಿಲ್ಲ, ಅದರ ಮರಿ ಕಾಳಿನೊಳಗೇ ಕೂತು ತಿಂದು, ಚಿಟ್ಟೆ ಆದ ಮೇಲೆ ಆ ತೂತಿನಿಂದ ಹೊರಗೆ ಬರುತ್ತದೆ. ಎಷ್ಟೋ ಸಲ ಮೊಟ್ಟೆ ಹೊಲದಲ್ಲೇ, ತೆನೆ ಮೇಲೇ ಇಟ್ಟಿರುತ್ತದೆ. ಹಾಗಾಗಿ ಚಿಟ್ಟೆಗೆ ಸ್ಪ್ರೇ ಹೊಡೆದು ಪ್ರಯೋಜನ ಇಲ್ಲ, ಚೀಲದೊಳಗೆ ಮುಂದಿನ ತಂಡ ತಯಾರಾಗಿರುತ್ತದೆ, ಮೇಲಾಗಿ ತಿನ್ನೋ ಕಾಳಿಗೆ ಔಷಧ ಬೀಳುತ್ತದೆ.

ಜೋಳವನ್ನೆಲ್ಲ ಹೊರಗೆ ತೆಗೆದು ಒಳ್ಳೆ ಬಿಸಿಲಿಗೆ ತೆಳ್ಳಗೆ ಹರಡಿ. ಕಾಳಿನ ತೇವ ಶೇ. 12ಕ್ಕಿಂತ ಕಡಿಮೆ ಆಗಬೇಕು, ಹಲ್ಲಲ್ಲಿ ಕಡಿದರೆ ಕಟ್ ಅಂತ ಒಡೆಯಬೇಕು. ಆಮೇಲೆ ಕೇರಿ, ಹಸನು ಮಾಡಿ, ಪೂರ್ತಿ ಆರಿದ ಮೇಲೆ ಗಾಳಿಯಾಡದ ಡಬ್ಬಿಗೋ ಒಳಗೆ ದಪ್ಪ ಪ್ಲಾಸ್ಟಿಕ್ ಇರೋ ಚೀಲಕ್ಕೋ ತುಂಬಿ ಬಿಗಿಯಾಗಿ ಕಟ್ಟಿ. ಬಿಸಿ ಇದ್ದಾಗಲೇ ತುಂಬಿದರೆ ಒಳಗೆ ಬೆವರುತ್ತದೆ. ಹಳೇ ಚೀಲದ ಹೊಲಿಗೆಯಲ್ಲಿ, ಕೋಣೆಯ ಮೂಲೆಯ ಧೂಳಿನಲ್ಲಿ ಹುಳ ಉಳಿದಿರುತ್ತದೆ, ಅದನ್ನು ಬಿಟ್ಟು ಜೋಳ ಒಂದೇ ಒಣಗಿಸಿದರೆ ಮತ್ತೆ ಬರುತ್ತದೆ. ಒಣ ಬೇವಿನ ಎಲೆ ಹಾಕೋದು ಒಳ್ಳೇದೇ, ಆದರೆ ಹುಳ ಹಿಡಿದ ಕಾಳಿಗೆ ಅದೊಂದೇ ಸಾಲದು.

ಮಳೆಯ ಸಂಜೆ ಬಂದದ್ದು ಗೆದ್ದಲೋ ಇರುವೆಯೋ ನೋಡಬೇಕು. ಸತ್ತ ಹುಳ ಒಂದು ಸಿಕ್ಕರೆ ಸಾಕು. ಗೆದ್ದಲಿನ ನಾಲ್ಕೂ ರೆಕ್ಕೆ ಒಂದೇ ಉದ್ದ, ಸೊಂಟ ದಪ್ಪ, ಮೀಸೆ ಮಣಿ ಪೋಣಿಸಿದಂತೆ ನೆಟ್ಟಗೆ. ರೆಕ್ಕೆ ಇರುವೆಗೆ ಸೊಂಟ ಸಣ್ಣ, ಮೀಸೆ ನಡುವೆ ಮಡಚಿರುತ್ತದೆ, ಮುಂದಿನ ರೆಕ್ಕೆ ಉದ್ದ. ರೆಕ್ಕೆ ಅಷ್ಟು ಉದುರಿದೆ ಅಂದರೆ ಗೆದ್ದಲೇ ಅನಿಸುತ್ತದೆ. ಅಷ್ಟಕ್ಕೇ ಗಾಬರಿ ಬೇಡ. ಹೊರಗಿನ ಹುತ್ತದಿಂದ ಬೆಳಕಿಗೆ ಬಂದಿದ್ದರೆ ಗುಡಿಸಿ ಹಾಕಿ, ಮುಗೀತು. ಮಳೆ ಸಂಜೆ ಕಿಟಕಿ ಹಾಕಿ ಒಂದು ತಾಸು ಲೈಟ್ ಆರಿಸಿ. ಗೋಡೆಯ ಸಂದಿಯಿಂದಲೋ ಚೌಕಟ್ಟಿನಿಂದಲೋ ಎದ್ದಿದ್ದರೆ ಮಾತ್ರ ಯೋಚನೆ ಮಾಡಬೇಕು. ಗೋಡೆಯಲ್ಲಿ ಮಣ್ಣಿನ ಗೆರೆ ಇದೆಯಾ ನೋಡಿ, ಜಂತಿ, ಚೌಕಟ್ಟು ಬಡಿದು ನೋಡಿ.

ಇನ್ನೊಬ್ಬರ ಪ್ರಶ್ನೆ (ಬಾಗಲಕೋಟೆ, ನವನಗರ):
ಅಣ್ಣಾರೆ, ನಮ್ಮ ಬಚ್ಚಲ ಗೋಡೆ ಮೇಲೆ ಕೂದಲು ಕೂದಲಿನ ಕರಿ ಸಣ್ಣ ನೊಣ ಕೂತಿರುತ್ತವೆ. ಫಿನಾಯಿಲ್ ಹಾಕಿದರೂ ಹೋಗಲ್ಲ.

ಉತ್ತರ:
ಅವು ಮೋರಿ ನೊಣ. ಪೈಪಿನ ಒಳಗೋಡೆಗೆ ಹಿಡಿದ ಲೋಳೆಯಲ್ಲಿ ಬೆಳೆಯುತ್ತವೆ, ಫಿನಾಯಿಲ್ ಅದರ ಮೇಲೆ ಹರಿದು ಹೋಗುತ್ತದೆ ಅಷ್ಟೇ. ಜಾಳಿ ತೆಗೆದು ಉದ್ದನೆ ಬ್ರಷ್‌ನಿಂದ ಲೋಳೆ ಉಜ್ಜಿ ತೆಗೆಯಿರಿ. ಯಾವ ಮೋರಿ ಅಂತ ಗೊತ್ತಾಗದಿದ್ದರೆ ರಾತ್ರಿ ಮೋರಿಯ ಬಾಯಿಗೆ ಟೇಪ್ ಅಂಟಿಸಿ, ಸ್ವಲ್ಪ ಸಂದಿ ಬಿಡಿ. ಬೆಳಿಗ್ಗೆ ನೊಣ ಅಂಟಿರುತ್ತವೆ.

ಪ್ರಶ್ನೆ ಕೇಳಿದವರು (ವಿಜಯಪುರ):
ಸರ್, ಜೋಳದಲ್ಲಿ ತೂತು ಇದೆ. ಗುಳಿಗೆ ಬೇಡ ಅಂತ ಒಪ್ಪಿಸಿದೆ. ಆದರೆ ಜೋಳದ ಕೋಣೆಯ ಚೌಕಟ್ಟಿನ ಬುಡದಲ್ಲಿ ಪೆನ್ಸಿಲ್ ದಪ್ಪದ ಮಣ್ಣಿನ ಗೆರೆ ಇದೆ, ಬಡಿದರೆ ಟೊಳ್ಳು ಸಪ್ಪಳ. ಜಂತಿ ಗಟ್ಟಿ ಇದೆ.

ಉತ್ತರ:
ಹಾಗಿದ್ದರೆ ಇದು ಮನೆ ಗೆದ್ದಲೇ. ಗೆರೆ ಒಂದು ಕಡೆ ಸ್ವಲ್ಪ ಒಡೆದು ಬಿಡಿ. ನಾಲ್ಕಾರು ದಿನದಲ್ಲಿ ಮತ್ತೆ ಕಟ್ಟಿದರೆ ಒಳಗೆ ಇನ್ನೂ ಓಡಾಟ ಇದೆ ಅಂತ ತಿಳಿಯಿರಿ. ಕಟ್ಟದಿದ್ದರೂ ಪೂರ್ತಿ ನಂಬಬೇಡಿ, ಬೇರೆ ದಾರಿ ಹಿಡಿದಿರಬಹುದು. ಸೀಮೆಎಣ್ಣೆ ಸುರಿಯೋದು ಸುಮ್ನೆ ದಂಡ, ಗೂಡು ಮಣ್ಣಿನಾಳದಲ್ಲಿ ಇರುತ್ತದೆ, ಬೆಂಕಿಯ ಭಯ ಬೇರೆ. ಲೈಸೆನ್ಸ್ ಇರೋ ಕೀಟ ನಿಯಂತ್ರಣದವರನ್ನು ಕರೆಯಿರಿ. ಗೋಡೆ ನೆಲ ಸೇರುವ ಕಡೆ 12 ಮಿ.ಮೀ. ದಪ್ಪದ ತೂತು, ಸುಮಾರು ಒಂದು ಅಡಿಗೆ ಒಂದರಂತೆ ಕೊರೆದು ಔಷಧ ಇಳಿಸಿ ಮುಚ್ಚಬೇಕು. ಬರೀ ಮೇಲಿಂದ ಸಿಂಪಡಿಸಿ ದುಡ್ಡು ಕೇಳಿದರೆ ಒಪ್ಪಬೇಡಿ. ಔಷಧದ ಹೆಸರು ಬಿಲ್‌ನಲ್ಲಿ ಬರೆಸಿಕೊಳ್ಳಿ. ಅವರು ಬರುವ ಮೊದಲೇ ಜೋಳ, ಕುಡಿಯೋ ನೀರು, ಅತ್ತೆಯವರ ಹಾಸಿಗೆ ಆ ಕೋಣೆಯಿಂದ ತೆಗೆದುಬಿಡಿ. ಜೋಳ ಮತ್ತೆ ಒಳಗೆ ಇಡುವಾಗ ಹಲಗೆ ಮೇಲೆ, ಗೋಡೆಯಿಂದ ಒಂದು ಮೊಳ ದೂರ ಇಡಿ.